ಪಂಚೆಯ ಮೇಲಿನ ಹೊಳೆ

ಆ ಪರದೆಯನ್ನು ಮಾಡಿದವಳು ನಾನೇ. ನಮ್ಮ ಯಜಮಾನರ ಎರಡು ಬಿಳಿ ಪಂಚೆಗಳನ್ನು ಅಂಚಿಗೆ ಅಂಚು ಸೇರಿಸಿ ಹೊಲಿದಿದ್ದೆ. ಹಾಲಿಗೂ ಊಟದ ಮನೆಗೂ ನಡುವೆ ಇದ್ದ ಅಗಲವಾದ ಬಾಗಿಲಿಗೆ ಅದನ್ನು ಕಟ್ಟಿ, ಚೊಂಬಿನಿಂದ ನೀರು ಚಿಮುಕಿಸಿ ಒದ್ದೆ ಮಾಡಬೇಕಿತ್ತು. ಒದ್ದೆ ಬಟ್ಟೆಯ ಮೇಲೆ ಚಿತ್ರ ಬಿಟ್ಟರೆ ಎರಡೂ ಕಡೆಗೆ ಕಾಣುತ್ತದೆ. ಹಾಲಿನಲ್ಲಿ ಗಂಡಸರು ಕುರ್ಚಿ ಹಾಕಿಕೊಂಡು ಮುಂದಿನಿಂದ ನೋಡುತ್ತಿದ್ದರು. ನಾವು ಹೆಂಗಸರು ಊಟದ ಮನೆಯಲ್ಲಿ ಚಾಪೆ ಹಾಸಿಕೊಂಡು ಹಿಂದಿನಿಂದ ನೋಡುತ್ತಿದ್ದೆವು. ನಮಗೆ ಎಲ್ಲವೂ ಎಡಬಲ ತಿರುಗಿ ಕಾಣುತ್ತಿತ್ತು. ಚಿತ್ರದ ಸುರಂಗದೊಳಗೆ ಅವರ ಕಡೆ ಬಲಕ್ಕೆ ಹೋಗುತ್ತಿದ್ದ ಮೋಟಾರು ನಮ್ಮ ಕಡೆ ಎಡಕ್ಕೆ ಹೋಗುತ್ತಿತ್ತು. ಗಾಳಿ ಬೀಸಿದರೆ ಪಂಚೆ ಉಬ್ಬಿ, ಸುರಂಗ ಉಸಿರಾಡುತ್ತಿತ್ತು.

ಇದು ಜಯನಗರದಲ್ಲಿ, ಐವತ್ತರ ದಶಕದ ಕೊನೆಯ ಮಾತು. ನನಗೆ ಆಗ ಇಪ್ಪತ್ತೆರಡೋ ಇಪ್ಪತ್ಮೂರೋ. ಈಗ ತೊಂಬತ್ತರ ಹತ್ತಿರ ಬಂದಿದ್ದೇನೆ. ನೆನಪಿನ ಮೇಲೆ ಯಾರಾದರೂ ತಕರಾರು ತೆಗೆದರೆ ನನಗೆ ಕೋಪ ಬರುತ್ತದೆ. ನಮ್ಮ ಮನೆಯಾದ ಮೇಲೆ ನಾಲ್ಕು ಖಾಲಿ ಸೈಟು, ಆಮೇಲೆ ಒಂದು ಮನೆ, ಆಮೇಲೆ ಬಂಡೆ, ಲಂಟಾನ, ರಾಗಿ ಹೊಲ. ತಿಲಕ್ ನಗರದ ಕಡೆಗೆ ಹೋಗುವ ಮಣ್ಣುದಾರಿಯಲ್ಲಿ ಸಾಯಂಕಾಲವಾದರೆ ಒಬ್ಬರೂ ಇರುತ್ತಿರಲಿಲ್ಲ. ರಸ್ತೆಗಳನ್ನು ಅಳೆದು ಹಾಕಿಟ್ಟಿದ್ದರು, ಅದರ ಮೇಲೆ ಓಡಾಡುವವರು ಇನ್ನೂ ಬಂದಿರಲಿಲ್ಲ. ಮಧ್ಯಾಹ್ನ ಕೆಲಸ ಮುಗಿಸಿ ತಣ್ಣನೆಯ ಕೆಂಪು ಗಾರೆ ನೆಲದ ಮೇಲೆ ಸೆರಗು ಹಾಸಿಕೊಂಡು ಮಲಗಿದರೆ, ನಾನು ಯಾವ ಊರಿನಲ್ಲಿದ್ದೇನೆ ಎನ್ನುವುದೇ ಮರೆತುಹೋಗುತ್ತಿತ್ತು. ಅಷ್ಟು ನಿಶ್ಶಬ್ದ.

ನಮ್ಮವರು ಸರ್ಕಾರಿ ಇಂಜಿನಿಯರು. ರಸ್ತೆ, ಮೋರಿ, ಸಣ್ಣ ಸೇತುವೆ, ಇವು ಅವರ ಕೆಲಸ. ಅವರನ್ನು ಆರು ತಿಂಗಳ ತರಬೇತಿಗೆಂದು ಸರ್ಕಾರದವರು ಹೊರದೇಶಕ್ಕೆ ಕಳಿಸಿದರು. ಅಲ್ಲಿ ಎರಡು ದೊಡ್ಡ ಊರುಗಳ ನಡುವೆ ಒಂದು ಹೊಳೆ ಹರಿಯುತ್ತದೆ. ಆ ಹೊಳೆಯ ಅಡಿಯಲ್ಲಿ, ಮಣ್ಣಿನೊಳಗೆ, ಮೋಟಾರು ಓಡಾಡುವ ಹೆದ್ದಾರಿಯೊಂದನ್ನು ತೋಡಿದ್ದಾರೆ. ಅದನ್ನು ಕಣ್ಣಾರೆ ನೋಡಿ ಬಂದು ವರದಿ ಬರೆಯಬೇಕು ಎಂದು ಹೇಳಿ ಕಳಿಸಿದ್ದರು. ಆ ಊರುಗಳ ಹೆಸರು ನಮ್ಮ ಅತ್ತೆಯ ನಾಲಗೆಗೆ ಕೊನೆಯವರೆಗೂ ಹತ್ತಲಿಲ್ಲ. ಈ ದಡದೂರು, ಆ ದಡದೂರು ಎನ್ನುತ್ತಿದ್ದರು. ನಾನೂ ಹಾಗೆಯೇ ಕರೆದು ರೂಢಿ.

ಅತ್ತೆ ಎಂದರೆ ನಮ್ಮವರ ತಾಯಿ. ಕಾವೇರಿ ದಡದ ಹಳ್ಳಿಯವರು. ಕುಳ್ಳಗೆ, ಬೆಳ್ಳಗೆ, ಮೂಗಿನ ತುದಿಯಲ್ಲಿ ಕೋಪ, ಬಾಯಲ್ಲಿ ಎಳ್ಳುಕಾಳು ನೆನೆಯುವುದಿಲ್ಲ. ಬೆಳಿಗ್ಗೆ ಅವರ ಕಿವಿಗೆ ಬಿದ್ದ ಮಾತು ಮಧ್ಯಾಹ್ನದೊಳಗೆ ತಿಲಕ್ ನಗರ ದಾಟಿ, ಹಾಲಿನವಳ ಜೊತೆಗೆ ಸುದ್ದಗುಂಟೆಪಾಳ್ಯ ಸೇರುತ್ತಿತ್ತು. ನನಗೆ ತಿಂಗಳು ನಿಂತ ಸಂಗತಿ ನನ್ನ ತವರಿಗೆ ತಿಳಿಯುವ ಮೊದಲೇ ತರಕಾರಿಯವನಿಗೆ ತಿಳಿದಿತ್ತು. ಇಂಥವರು ಒಂದು ವಿಷಯವನ್ನು ಮಾತ್ರ ಮೆಲ್ಲಗೆ ಹೇಳುತ್ತಿದ್ದರು, ಅದೂ ವರ್ಷಕ್ಕೆ ಒಂದು ಸಲ. ನಮ್ಮ ಮಾವನವರು ತೀರಿಕೊಂಡ ಬಗೆ.

ಹೊಳೆ ದಾಟುವಾಗ ಅದಕ್ಕೆ ಒಂದು ಕಾಸು ಹಾಕಿ, ಕೈಮುಗಿದು, ಅಪ್ಪಣೆ ಕೇಳಿ ದಾಟಬೇಕು. ಅದು ನಮ್ಮಲ್ಲಿ ಎಲ್ಲರೂ ಮಾಡುತ್ತಿದ್ದದ್ದೇ. ರೈಲು ಸೇತುವೆಯ ಮೇಲೆ ಹೋಗುವಾಗ ಡಬ್ಬಿಗೆ ಡಬ್ಬಿಯೇ ಕಿಟಕಿಯಿಂದ ಕಾಸು ಹಾಕುತ್ತಿತ್ತು. ಮಾವನವರು ದಿನವೂ ಹರಿಗೋಲಿನಲ್ಲಿ ಆಚೆ ದಡಕ್ಕೆ ಹೋಗುತ್ತಿದ್ದರಂತೆ. ದಿನವೂ ಅತ್ತೆಯೇ ಅವರ ಅಂಗೈಗೆ ಕಾಸು ಹಾಕಿ ಕಳಿಸುತ್ತಿದ್ದರಂತೆ. "ಅವತ್ತು ಮಗೂಗೆ ಜ್ವರ. ಕಾಸು ಕೊಡೋದು ಮರ್ತೆ ಕಣೇ," ಎನ್ನುತ್ತಿದ್ದರು. ಆ ದಿನ ಹರಿಗೋಲು ಮಗುಚಿತು. ಜ್ವರ ಬಂದಿದ್ದ ಆ ಎರಡು ವರ್ಷದ ಮಗುವೇ ನಮ್ಮವರು.

ಆದ್ದರಿಂದ ಮಗ ಹಡಗು ಹತ್ತುವಾಗ ಅತ್ತೆ ಸಮುದ್ರದ ಬಗ್ಗೆ ಚಕಾರ ಎತ್ತಲಿಲ್ಲ. ಸಮುದ್ರ ಈಗ ಎಲ್ಲರೂ ದಾಟ್ತಾರೆ, ಬಿಡು ಎಂದರು. ಹೊಳೆಗಳದ್ದೇ ಅವರ ಚಿಂತೆ. ತಮ್ಮ ಹಳೆಯ ಹಸಿರು ಸೀರೆಯ ಚೂರೊಂದನ್ನು ನನ್ನ ಕೈಗೆ ಕೊಟ್ಟು ಚೀಲ ಹೊಲಿಸಿದರು. ಸೆರಗಿನ ಹೂವು ಮೇಲೆಯೇ ಬರುವಂತೆ ನಾನು ಹೊಲಿದೆ. ಅದರ ತುಂಬ ಕಾಸು ತುಂಬಿ, ಬಾಯಿ ಕಟ್ಟಿ, ಮಗನ ಜೇಬಿಗೆ ಹಾಕಿದರು. "ಯಾವ ಹೊಳೆ ಬಂದ್ರೂ ಒಂದು ಹಾಕು. ಅಲ್ಲಿ ಹೊಳೆಗೆ ನಮ್ಮ ಭಾಷೆ ಬರುತ್ತೋ ಇಲ್ವೋ, ಕಾಸು ಗೊತ್ತಾಗುತ್ತೆ."

ಆರು ತಿಂಗಳಾದ ಮೇಲೆ ಅವರು ಬಂದರು. ಸ್ವಲ್ಪ ದಪ್ಪಗಾಗಿದ್ದರು. ಒಂದು ಪ್ರೊಜೆಕ್ಟರು, ಒಂದು ಕ್ಯಾಮರಾ, ಸ್ಲೈಡುಗಳ ಎರಡು ಮರದ ಪೆಟ್ಟಿಗೆ ತಂದಿದ್ದರು. ಬಂದ ಮೊದಲ ಭಾನುವಾರವೇ ಪಂಚೆ ಕಟ್ಟಿದೆವು. ಬಣ್ಣದ ಚಿತ್ರ ಗೋಡೆಯಷ್ಟು ದೊಡ್ಡದಾಗಿ ಬೀಳುತ್ತದೆ ಎಂದು ಸುತ್ತಲ ಬ್ಲಾಕುಗಳಿಂದೆಲ್ಲ ಜನ. ಬಸವನಗುಡಿಯಿಂದ ಇಬ್ಬರು ಮೇಷ್ಟರು ಕೂಡ ನಡೆದುಕೊಂಡು ಬಂದಿದ್ದರು.

ಅವರು ಹೇಳುವುದನ್ನು ಕೇಳಬೇಕಿತ್ತು. ಮನೆಯಲ್ಲಿ ಉಪ್ಪು ಕಡಿಮೆ ಎನ್ನುವುದಕ್ಕೂ ಅರ್ಧ ಗಂಟೆ ತೆಗೆದುಕೊಳ್ಳುವ ಮನುಷ್ಯ, ಪ್ರೊಜೆಕ್ಟರಿನ ಪಕ್ಕ ನಿಂತರೆ ಬೇರೆಯವರೇ ಆಗಿಬಿಡುತ್ತಿದ್ದರು.

"ಮೊದ್ಲು ಬರೀ ದೋಣಿ ಇತ್ತು," ಎಂದು ಶುರುಮಾಡುತ್ತಿದ್ದರು. "ಚಳಿಗಾಲ ಬಂದ್ರೆ ಹೊಳೆ ತುಂಬ ಐಸು ತೇಲಿ ಬರೋದು. ದೋಣಿ ನಿಂತ್ರೆ ಆಚೆ ದಡದ ಕಲ್ಲಿದ್ದಲು ಈಚೆ ದಡಕ್ಕಿಲ್ಲ. ಸೇತುವೆ ಕಟ್ಟೋಣ ಅಂದ್ರೆ ದೊಡ್ಡ ಹಡಗು ಹೋಗೋ ಹೊಳೆ, ಅಷ್ಟೆತ್ತರಕ್ಕೆ ಕಟ್ಟಬೇಕು. ಸರಿ, ಮೇಲೆ ಆಗದಿದ್ರೆ ಕೆಳಗೆ ಅಂದ್ರು."

ಎರಡೂ ದಡದಿಂದ ಒಮ್ಮೆಗೇ ತೋಡಲು ಹೊರಟರಂತೆ. ಮನೆಯಷ್ಟು ದೊಡ್ಡ ಕಬ್ಬಿಣದ ಕೊಳವೆಯೊಂದನ್ನು ಕೆಸರಿನೊಳಗೆ ತಳ್ಳುತ್ತಾ, ಅದರ ಬೆನ್ನಿಗೆ ಕಬ್ಬಿಣದ ಬಳೆಗಳನ್ನು ಒಂದಕ್ಕೊಂದು ಬಿಗಿಯುತ್ತಾ ಹೋಗುವುದು. ಮೇಲೆ ಹೊಳೆ. ನೀರು ಒಳಗೆ ನುಗ್ಗದಿರಲೆಂದು ಸುರಂಗದೊಳಗೆ ಗಾಳಿಯನ್ನು ಒತ್ತಿ ತುಂಬಿರುತ್ತಿದ್ದರು. ಕೆಲಸದವರು ಒಳಗೆ ಹೋಗುವ ಮೊದಲು ಎರಡು ಬಾಗಿಲಿನ ಪುಟ್ಟ ಕೋಣೆಯಲ್ಲಿ ಕೂತು ಆ ಗಾಳಿಗೆ ಮೈ ಒಗ್ಗಿಸಿಕೊಳ್ಳಬೇಕು. ಹೊರಗೆ ಬರುವಾಗಲೂ ಅಷ್ಟೇ, ನಿಧಾನ. ಅವಸರ ಮಾಡಿದವನಿಗೆ ಕೀಲುಕೀಲೂ ಹಿಡಿದುಕೊಂಡು ಪ್ರಾಣಕ್ಕೇ ಬರುತ್ತಿತ್ತಂತೆ. ತೋಡುವುದಕ್ಕಿಂತ ದೊಡ್ಡ ತಲೆನೋವು ಮೋಟಾರಿನ ಹೊಗೆಯದು. ದಾರಿಯ ಅಡಿಯಿಂದ ಒಳ್ಳೆಯ ಗಾಳಿ ಬಿಟ್ಟು, ಮಾಡಿನ ಮೇಲಿಂದ ಕೆಟ್ಟ ಗಾಳಿ ಎಳೆಯುವ ಭಾರಿ ಫ್ಯಾನುಗಳನ್ನು ಎರಡೂ ದಡದಲ್ಲಿ ಕೂರಿಸಿದರು. ಎಷ್ಟೋ ವರ್ಷ ಕಳೆದು ಆ ಕಡೆಯವರೂ ಈ ಕಡೆಯವರೂ ಹೊಳೆಯ ನಡುಮಧ್ಯದಲ್ಲಿ, ನೆಲದೊಳಗೆ, ಎದುರುಬದುರಾದರು. ಇಲ್ಲಿಗೆ ಬಂದಾಗ ನಮ್ಮವರ ಧ್ವನಿ ತಗ್ಗುತ್ತಿತ್ತು. "ಒಂದು ಬೆರಳಿನಷ್ಟೂ ತಪ್ಪಿರ್ಲಿಲ್ಲ. ಕೈ ಕೈ ಹಿಡ್ಕೊಂಡ್ರು."

ನಾನು ಆಗೆಲ್ಲ ಪಂಚೆಯ ಹಿಂದೆ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಎಲ್ಲಿಯೋ ಕತ್ತಲಲ್ಲಿ ಒಬ್ಬರನ್ನೊಬ್ಬರು ಕಾಣದೆ ತೋಡಿಕೊಂಡು ಬರುತ್ತಿರುವ ಎರಡು ಕಡೆಯವರು. ಮದುವೆಯಾಗಿ ಮೂರು ವರ್ಷವಾಗಿತ್ತು, ಅದರಲ್ಲಿ ಆರು ತಿಂಗಳು ಅವರು ಊರಲ್ಲೇ ಇರಲಿಲ್ಲ. ಅವರ ಮೇಲೆ ನನಗೆ ಎಷ್ಟು ಪ್ರೀತಿ ಉಕ್ಕುತ್ತಿತ್ತೆಂದರೆ, ಎದ್ದು ಹೋಗಿ ಪಂಚೆ ಸರಿಸಿಬಿಡೋಣ ಅನ್ನಿಸುತ್ತಿತ್ತು.

ಆ ಮೊದಲ ಭಾನುವಾರ ಎಲ್ಲ ಮುಗಿದ ಮೇಲೆ ಮೇಷ್ಟರೊಬ್ಬರು ಕೇಳಿದರು: "ಒಳಗೆ ಹೋಗಿ ಬಂದ್ರಾ ನೀವು?"

ನಮ್ಮವರು ಸ್ಲೈಡಿನ ಪೆಟ್ಟಿಗೆ ಮುಚ್ಚಿದ ಸದ್ದು ಬಂತು. ಆಮೇಲೆ, "ಹೋಗದೆ ಇರ್ತೀನಾ ಸಾರ್? ಹೋಗ್ತಾ ಬರ್ತಾ ಎರಡು ಸಲ," ಎಂದರು.

ಪಂಚೆಯ ಈಚೆಯಿಂದ ಅತ್ತೆಯ ಧ್ವನಿ ಎದ್ದಿತು. "ಕಾಸು ಹಾಕ್ದೇನೋ?"

"ಸುರಂಗದಲ್ಲಿ ಎಲ್ಲಿಗಮ್ಮ ಹಾಕೋದು? ಹೊಳೆ ಮೇಲಿದೆ, ನಾವು ಕೆಳಗಿದ್ದೀವಿ. ಕಾಸು ಮೇಲಕ್ಕೆ ಬೀಳಬೇಕಷ್ಟೆ!"

ಹಾಲಿನಲ್ಲಿ ಎಲ್ಲರೂ ಹೋ ಎಂದು ನಕ್ಕರು. ನಾನೂ ನಕ್ಕೆ, ಸುಳ್ಳೇಕೆ ಹೇಳಲಿ. ಅತ್ತೆ ನಗಲಿಲ್ಲ. ಮಂಡಿ ಹಿಡಿದುಕೊಂಡು ಎದ್ದು ತಮ್ಮ ಕೋಣೆಗೆ ಹೋದರು.

ಮಾರನೆಯ ಬೆಳಿಗ್ಗೆ ಪೂಜೆ ಮುಗಿಸಿ ನಮ್ಮವರು ತೀರ್ಥದ ಬಟ್ಟಲು ಹಿಡಿದು ಬಂದರು. ದಿನವೂ ಮೊದಲು ತಾಯಿಗೆ ಮೂರು ಉದ್ಧರಣೆ, ಆಮೇಲೆ ನನಗೆ. ಅತ್ತೆ ಕೈ ಚಾಚಲಿಲ್ಲ.

"ಹೊಳೆಗೆ ಹೇಳ್ದೆ ಕೇಳ್ದೆ ಅದರ ಒಡಲ ಕೆಳಗೆ ನುಸುಳಿ ಬಂದಿದ್ದೀಯ. ನಿನ್ನ ಕೈಯಿಂದ ನೀರು ಹೇಗೆ ತಗೊಳ್ಳಲೋ ನಾನು? ಕಾವೇರಿಗೆ ಹೋಗಿ ಮುಳುಗು ಹಾಕಿ ತಪ್ಪುಕಾಣಿಕೆ ಒಪ್ಪಿಸಿ ಬಾ. ಆಮೇಲೆ ಕೊಡು."

"ನಾನು ತಪ್ಪು ಮಾಡಿಲ್ಲಮ್ಮ," ಎಂದರು ಅವರು.

ಅಷ್ಟೇ. ಅತ್ತೆ ತುಳಸಿಕಟ್ಟೆಗೆ ಹೋಗಿ ಒಂದು ದಳ ಕಿತ್ತು ಬಾಯಿಗೆ ಹಾಕಿಕೊಂಡರು. ಅದು ಒಂದು ದಿನದ ಮುನಿಸೆಂದುಕೊಂಡೆ ನಾನು. ಒಂದು ವರ್ಷ ನಡೆಯಿತು. ದಿನಾ ಬೆಳಿಗ್ಗೆ ಅವರು ಬಟ್ಟಲು ಹಿಡಿದು ಬಂದು ತಾಯಿಯ ಮುಂದೆ ನಿಲ್ಲುವುದು, ಅತ್ತೆ ತುಳಸಿಯ ಕಡೆಗೆ ನಡೆಯುವುದು. ಬೈಗುಳವಿಲ್ಲ, ಜಗಳವಿಲ್ಲ, ಊಟ ತಿಂಡಿ ಎಲ್ಲ ಒಟ್ಟಿಗೇ. ಬೈದಿದ್ದರೆ ವಾಸಿಯಿತ್ತು. ಮಗ ಆಫೀಸಿನಿಂದ ಬರುವುದು ಹತ್ತು ನಿಮಿಷ ತಡವಾದರೆ ಅತ್ತೆ ಗೇಟಿನಲ್ಲಿ ನಿಂತಿರುತ್ತಿದ್ದರು. ಹೊಳೆ ಸಾಲ ಇಟ್ಟುಕೊಳ್ಳುವುದಿಲ್ಲ ಎನ್ನುವ ಭಯ ಅವರಿಗೆ. ಗಂಡನನ್ನು ಕೊಂಡುಹೋದದ್ದು ಮಗನನ್ನೂ ಕೇಳುತ್ತದೆ ಎಂದು.

ನಾನು ನಮ್ಮವರ ಜೊತೆ ಜಗಳವಾಡಿದೆ. "ಏನು ಗಂಟು ಹೋಗುತ್ತೆ ನಿಮಗೆ? ಬೆಳಿಗ್ಗೆ ಬಸ್ಸು ಹತ್ತಿದ್ರೆ ಸಾಯಂಕಾಲ ವಾಪಸ್ಸು. ಒಂದು ಮುಳುಗು ಹಾಕಿ ಬನ್ರೀ."

"ಮಾಡದ ತಪ್ಪಿಗೆ ಕಾಣಿಕೆ ಕೊಡೋದಿಲ್ಲ ನಾನು."

"ಇಂಜಿನಿಯರಾದ್ರೆ ಕಲ್ಲಾಗಬೇಕಾ?"

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅಂತಾರಲ್ಲ, ಹಾಗೆ ತಾಯಿ ಮಗ. ನಡುವೆ ನಾನು.

ಸುರಂಗದ ಹೆಸರು ಮಾತ್ರ ಬೆಳೆಯುತ್ತಾ ಹೋಯಿತು. ತಿಂಗಳಿಗೊಂದು ಸಲವಾದರೂ ಯಾರಾದರೂ ಬಂದು ಚಿತ್ರ ತೋರಿಸಿ ಎನ್ನುತ್ತಿದ್ದರು. ನಮ್ಮವರ ಕತೆಗೂ ಕಾಲು ಬಾಲ ಹುಟ್ಟಿಕೊಂಡವು. ನಡುಮಧ್ಯದಲ್ಲಿ ಗೋಡೆಯ ಬಿಳಿ ಹೆಂಚಿನ ಮೇಲೆ ಈ ದಡದೂರು ಮುಗಿದು ಆ ದಡದೂರು ಶುರುವಾಗುವ ಗೆರೆ ಇದೆ. ಅಲ್ಲಿಗೆ ಬಂದಾಗ ಕಿವಿ ಮುಚ್ಚಿಕೊಂಡಿತು. ತಲೆಯ ಮೇಲೆ ಹಡಗು ಹೋಗುವ ಸದ್ದು ಕೇಳಿಸಿತು. ಈ ಹಡಗು ಮೊದಲ ಸಲ ಇರಲಿಲ್ಲವಲ್ಲ ಎಂದು ನನಗೆ ಅನ್ನಿಸಿತ್ತು. ಆದರೂ ಆ ಹಡಗು ನನಗೆ ಇಷ್ಟವಾಗಿಬಿಟ್ಟಿತು. ಮಧ್ಯಾಹ್ನ ಗಾರೆ ನೆಲಕ್ಕೆ ಕಿವಿಯಿಟ್ಟು ಮಲಗಿದರೆ, ಹೊಳೆಯೇ ಇಲ್ಲದ ಈ ಊರಿನಲ್ಲಿ, ನಮ್ಮ ಮನೆಯ ಮೇಲೆ ಹೊಳೆ ಹರಿಯುತ್ತಿದೆ ಅನ್ನಿಸುತ್ತಿತ್ತು. ಮಾಡಿನ ಮೇಲೆ ಹಡಗುಗಳು ನಿಧಾನವಾಗಿ ದಾಟುತ್ತಿವೆ, ನಾನು ಅಡಿಯಲ್ಲಿ ಮಲಗಿದ್ದೇನೆ. ಹಿತ್ತಲಿನ ಬಾವಿಯ ರಾಟೆ ಕಿರ್ ಎಂದಾಗ ಎಚ್ಚರ. ನೀರು ಸೇದುತ್ತಿದ್ದವರು ಅತ್ತೆ.

ಅವರೆಕಾಯಿ ಕಾಲ ಬಂತು. ಸುದ್ದಗುಂಟೆಪಾಳ್ಯದ ಹಾಲಿನವಳು ಹೊಲದಿಂದ ಒಂದು ಮೂಟೆ ಸೊಗಡಿನ ಕಾಯಿ ತಂದು ಹಾಕಿದಳು. ಭಾನುವಾರ ಸಂಜೆ ಮತ್ತೆ ಚಿತ್ರ ತೋರಿಸುವುದೆಂದು ಆಗಿತ್ತು. ನೆರೆಹೊರೆಯ ಹೆಂಗಸರೂ ಬರುತ್ತಾರೆ, ಪಂಚೆಯ ಹಿಂದೆ ಕೂತು ನೆನೆಸಿದ ಕಾಳು ಹಿದುಕಿಬಿಡೋಣ ಎಂದು ಅತ್ತೆಯ ಏರ್ಪಾಡು. ಶುಕ್ರವಾರ ಮಧ್ಯಾಹ್ನ ನಾನು ಸ್ಲೈಡುಗಳ ಪೆಟ್ಟಿಗೆ ಬಿಚ್ಚಿ ಧೂಳು ಒರೆಸುತ್ತಿದ್ದೆ. ಸುರಂಗದ ಸ್ಲೈಡುಗಳೆಲ್ಲ ಅಲ್ಲಿ ಅಂಗಡಿಯಲ್ಲಿ ಕೊಂಡವು, ಅಚ್ಚಿನ ಅಕ್ಷರದವು. ಪೆಟ್ಟಿಗೆಯ ತಳಕ್ಕೆ ಹಾಸಿದ್ದ ಮಖಮಲ್ಲು ಒಂದು ಕಡೆ ಎದ್ದಿತ್ತು. ಸರಿಮಾಡಲು ಹೋದರೆ ಅದರ ಕೆಳಗೆ ಒಂದು ಸ್ಲೈಡು.

ಕಿಟಕಿಯ ಬೆಳಕಿಗೆ ಹಿಡಿದೆ. ಹೊಳೆ. ಅಷ್ಟೂ ಚಿತ್ರಗಳಲ್ಲಿ ಒಂದರಲ್ಲೂ ಹೊಳೆಯನ್ನು ನಾನು ನೋಡಿರಲಿಲ್ಲ ಎಂದು ಆಗ ಹೊಳೆಯಿತು. ಬೂದುನೀಲಿ ನೀರು, ದೂರದಲ್ಲಿ ಆ ದಡದೂರಿನ ಎತ್ತರದ ಕಟ್ಟಡಗಳು. ಮುಂದೆ ದೋಣಿಯ ಕಬ್ಬಿಣದ ಕಟಕಟೆ. ಕಟಕಟೆಯ ಮೇಲೆ ನಾನು ಹೊಲಿದ ಹಸಿರು ಚೀಲ, ಅತ್ತೆಯ ಸೆರಗಿನ ಹೂವು ಮೇಲೆ ಕಾಣುವಂತೆ, ಬಾಯಿ ಬಿಚ್ಚಿಕೊಂಡು ಕೂತಿತ್ತು. ಸ್ಲೈಡಿನ ರಟ್ಟಿನ ಅಂಚಿನಲ್ಲಿ ನಮ್ಮವರ ಪೆನ್ಸಿಲ್ ಅಕ್ಷರ: ಅಮ್ಮನಿಗೆ.

ಸುರಂಗದಲ್ಲೂ ಹೋಗಿ, ಹೊಳೆಗೂ ಕಾಸು ಹಾಕಿದ್ದರೆ ಇದನ್ನು ತಾಯಿಗೆ ತೋರಿಸದೆ ಬಚ್ಚಿಡುವುದೇಕೆ? ಈ ಮನುಷ್ಯ ಸುರಂಗದೊಳಗೆ ಹೋಗಿಯೇ ಇಲ್ಲ. ದೋಣಿಯಲ್ಲಿ ದಾಟಿ, ಹೊಳೆಗೆ ಕಾಸು ಹಾಕಿ, ತಾಯಿಗೆ ತೋರಿಸಲೆಂದು ಚಿತ್ರ ಹಿಡಿದು ತಂದಿದ್ದಾರೆ. ಮೊದಲ ದಿನ ಮೇಷ್ಟರ ಮುಂದೆ ಬಾಯಿಂದ ಜಾರಿದ ಒಂದು ಮಾತು ಕಾಲಿಗೆ ಸುತ್ತಿಕೊಂಡಿದೆ. ವರದಿಯಲ್ಲೂ ಹೋಗಿ ಬಂದೆ ಎಂದೇ ಬರೆದಾಗಿದೆ. ತಾಯಿಗೆ ಗುಟ್ಟಾಗಿ ಹೇಳೋಣವೆಂದರೆ ಆ ಬಾಯಿ ಎಂಥದ್ದೆಂದು ಮಗನಿಗೆ ಗೊತ್ತಿಲ್ಲವೇ? ಹೊಳೆಗೆ ಹೆದರಿ ಸುರಂಗದ ಬಾಯಿಂದ ವಾಪಸ್ಸು ಬಂದ ಇಂಜಿನಿಯರು ಎಂದು ಹಾಲಿನವಳಿಂದ ಹಿಡಿದು ಆಫೀಸಿನ ಜವಾನನವರೆಗೆ ಎಲ್ಲರೂ ನಕ್ಕಾರು.

ನನಗೆ ಅಳು ಬಂತು. ಆಮೇಲೆ ಸಿಟ್ಟು ಬಂತು. ಪಕ್ಕದಲ್ಲಿ ಮಲಗುವ ನನಗಾದರೂ ಹೇಳಬಾರದಿತ್ತೇ? ನನ್ನ ಬಾಯೇನು ಹಾಗೆಯೇ? ಆ ಸಿಟ್ಟಿನಲ್ಲಿಯೇ ಆ ಸ್ಲೈಡನ್ನು ತೆಗೆದು, ಎರಡು ಕಡೆಯವರು ನಡುಮಧ್ಯದಲ್ಲಿ ಸೇರುವ ಚಿತ್ರದ ಹಿಂದೆ ಸಿಕ್ಕಿಸಿಬಿಟ್ಟೆ. ಬರುವವರು ಅಕ್ಕಪಕ್ಕದವರು ತಾನೇ, ನಾಲ್ಕು ಜನ ನಕ್ಕರೆ ನಗಲಿ, ಅತ್ತೆ ನೋಡಿದರೆ ಸಾಕು ಎಂದುಕೊಂಡೆ.

ಶನಿವಾರ ಸಂಜೆ ನಮ್ಮವರು ಆಫೀಸಿನಿಂದ ಬಂದು, ಟೋಪಿ ತೆಗೆಯುವ ಮೊದಲೇ, "ನಾಳೆ ದೊಡ್ಡ ಸಾಹೇಬ್ರು ಬರ್ತಾರಂತೆ! ನನ್ನ ವರದಿ ಓದಿ ಮೆಚ್ಚಿಕೊಂಡಿದ್ದಾರೆ. ಒಳ್ಳೆ ಕಾಫಿ ಪುಡಿ ತರಿಸು," ಎಂದರು.

ಸ್ಲೈಡು ತೆಗೆದುಬಿಡೋಣವೆಂದು ರಾತ್ರಿ ನೋಡಿದೆ, ಬೆಳಿಗ್ಗೆ ನೋಡಿದೆ. ಪೆಟ್ಟಿಗೆಯನ್ನು ಅವರು ಮೇಜಿನ ಮೇಲೆ ತಮ್ಮ ಕೈಯಡಿಯಲ್ಲೇ ಇಟ್ಟುಕೊಂಡು ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡುತ್ತಾ ಕೂತಿದ್ದರು. ಎರಡು ಸಲ ಕಾಫಿಯ ನೆಪದಲ್ಲಿ ಹೋದೆ. "ಮುಟ್ಟಬೇಡ, ಜೋಡಣೆ ತಪ್ಪುತ್ತೆ," ಎಂದರು. ಹೇಳಿಬಿಡಬಹುದಿತ್ತು. ಲೋಟ ಇಟ್ಟು ವಾಪಸ್ಸು ಬಂದೆ.

ಭಾನುವಾರ ದೀಪ ಹಚ್ಚುವ ಹೊತ್ತಿಗೆ ಹಾಲಿನಲ್ಲಿ ಜನ ತುಂಬಿದರು. ದೊಡ್ಡ ಸಾಹೇಬರು ಕೋಟು ಪೇಟದಲ್ಲಿ ಬಂದು ಮುಂದಿನ ಕುರ್ಚಿಯಲ್ಲಿ ಕುಳಿತರು. ಈಚೆ ಕಡೆ ಏಳೆಂಟು ಹೆಂಗಸರು ಬೋಸಿಯ ಸುತ್ತ ಕೂತು ಅವರೆಕಾಳು ಹಿದುಕುತ್ತಿದ್ದರು. ಹೆಬ್ಬೆಟ್ಟಿನಲ್ಲಿ ಒತ್ತಿದರೆ ಪಿಚಕ್ ಎಂದು ಬೇಳೆ ಹಾರಿ ಬೋಸಿಗೆ ಬೀಳುತ್ತದೆ, ಸಿಪ್ಪೆ ಕೈಯಲ್ಲಿ ಉಳಿಯುತ್ತದೆ. ಅತ್ತೆ ಎಂದಿನಂತೆ ಪಂಚೆಗೆ ಬೆನ್ನು ಹಾಕಿ ಕೂತಿದ್ದರು. ಆ ಒಂದು ವರ್ಷದಲ್ಲಿ ಅವರು ಒಂದು ಚಿತ್ರವನ್ನೂ ತಿರುಗಿ ನೋಡಿರಲಿಲ್ಲ.

ದೋಣಿಯ ಕಾಲ ಮುಗಿಯಿತು. ಕಬ್ಬಿಣದ ಬಳೆಗಳು ಬಂದವು, ಹೋದವು. ನನ್ನ ಕೈಯಲ್ಲಿ ಕಾಳು ಹಿದುಕುವ ಬದಲು ಜಜ್ಜಿಹೋಗುತ್ತಿತ್ತು. ಪಂಚೆಯಿಂದ ನೀರು ತೊಟ್ಟಿಕ್ಕುವುದು ಕೇಳುತ್ತಿತ್ತು. "ಕೈ ಕೈ ಹಿಡ್ಕೊಂಡ್ರು," ಎಂದರು ನಮ್ಮವರು. ಸಾಹೇಬರು "ಭೇಷ್!" ಎಂದರು. ಸ್ಲೈಡು ಸರಿದ ಸದ್ದು.

ಊಟದ ಮನೆ ನೀಲಿಯಾಯಿತು.

ಅದನ್ನು ಹೇಗೆ ಹೇಳಲಿ? ಅಷ್ಟು ಹೊತ್ತು ಬರೀ ಗೋಡೆ, ಕಬ್ಬಿಣ, ಕೆಸರು ನೋಡಿದ್ದ ಕಣ್ಣಿಗೆ ಇದ್ದಕ್ಕಿದ್ದಂತೆ ಹೊಳೆ. ಹೆಂಗಸರ ಮುಖದ ಮೇಲೆ, ಬೋಸಿಯ ಮೇಲೆ, ಬಿಳಿ ಬೇಳೆಯ ಮೇಲೆ, ಎಲ್ಲ ಕಡೆ ಹೊಳೆಯ ಬೆಳಕು. ಗಾಳಿಗೆ ಪಂಚೆ ಅಲುಗಿದಾಗ ನೀರೂ ಅಲುಗಿತು. "ಅಯ್ಯೋ ಶಿವನೇ, ಹೊಳೆ!" ಎಂದರು ಯಾರೋ. ಅತ್ತೆ ತಮ್ಮ ಕೈಯ ಮೇಲೆ ಬಿದ್ದಿದ್ದ ಬೆಳಕನ್ನು ನೋಡಿದರು. ಆಮೇಲೆ ನಿಧಾನವಾಗಿ ಹಿಂದಕ್ಕೆ ತಿರುಗಿದರು.

ಆಚೆ ಕಡೆ ನಮ್ಮವರ ಮಾತು ನಿಂತುಹೋಗಿತ್ತು.

"ಇದೇನ್ರೀ, ದೋಣಿ ಮೇಲಿಂದ ತೆಗೆದಿರೋದು?" ಸಾಹೇಬರ ಧ್ವನಿ. "ಹೋಗ್ತಾ ಬರ್ತಾ ಎರಡು ಸಲವೂ ಸುರಂಗದಲ್ಲೇ ಹೋದೆ ಅಂತ ಬರ್ದಿದ್ದೀರಲ್ರೀ ವರದಿಯಲ್ಲಿ?"

ಯಾರೋ ಕೆಮ್ಮಿದರು. ಚಿತ್ರವನ್ನು ಮುಂದಕ್ಕೆ ತಳ್ಳಬಾರದೇ, ತಳ್ಳಿಬಿಡಿ, ತಳ್ಳಿಬಿಡಿ ಎಂದು ನಾನು ಮನಸ್ಸಿನಲ್ಲೇ ಬಡಿದುಕೊಳ್ಳುತ್ತಿದ್ದೆ. ಅವರ ಕೈ ಏಳಲಿಲ್ಲವಂತೆ, ಆಮೇಲೆ ಹೇಳಿದರು. ಅತ್ತೆ ಎದ್ದು ನಿಂತಿದ್ದರು. ಕೈತುಂಬ ಅವರೆಯ ಸಿಪ್ಪೆ. ಪಂಚೆಯ ಮೇಲಿನ ಹಸಿರು ಚೀಲಕ್ಕೆ ಅವರ ಮುಖ ಒಂದು ಗೇಣು ದೂರ. ತಮ್ಮ ಸೆರಗಿನ ಹೂವನ್ನು ಅವರು ಗುರುತಿಸದೇ ಇರುತ್ತಾರೆಯೇ?

"ನಾನೇ ಹೇಳಿ ಕಳಿಸಿದ್ದೆ ಸ್ವಾಮೀ!" ಎಂದರು, ಗಟ್ಟಿಯಾಗಿ, ಪಂಚೆಯ ಮೂಲಕ. "ಸುರಂಗದಲ್ಲಿ ನಿನ್ನ ಸರ್ಕಾರದ ಕೆಲಸ ಮುಗಿಸ್ಕೊ. ಆಮೇಲೆ ಒಂದು ಸಲ ಹೊಳೆ ಮೇಲೆ ಹೋಗಿ ನನ್ನ ಕಾಸು ಹಾಕಿ ಬಾ ಅಂತ. ಇದು ವರದಿಗೆ ಬರೆಯೋ ಅಂಥದ್ದಾ? ಹೆತ್ತೋಳು ಹೇಳಿದ್ದು ಅಂತ ಹೋಗಿ ಹಾಕಿದ್ದಾನೆ. ತಪ್ಪಾಯ್ತಾ?"

ಗಂಡಸರ ಸಭೆಗೆ ಅವರು ಅಷ್ಟುದ್ದ ಮಾತಾಡಿದ್ದು ಅದೇ ಮೊದಲು. ಸಾಹೇಬರು ಕುರ್ಚಿ ಅಲುಗುವ ಹಾಗೆ ನಕ್ಕರು.

"ತಪ್ಪೆಲ್ಲಿ ಬಂತು ತಾಯಿ! ನಾನು ಈಗ್ಲೂ ಪಶ್ಚಿಮವಾಹಿನಿ ಹತ್ರ ರೈಲಲ್ಲಿ ಹೋಗೋವಾಗ ಯಾರೂ ನೋಡ್ದೆ ಇರೋ ಹಾಗೆ ಒಂದು ಕಾಸು ಹಾಕ್ತೀನಿ. ಮುಂದಿಂದು ತೋರಿಸ್ರೀ."

ಮುಂದಿನದು ಫ್ಯಾನುಗಳ ಚಿತ್ರ. ಅತ್ತೆ ಮತ್ತೆ ಬೆನ್ನು ತಿರುಗಿಸಿ ಕೂತು ಕಾಳು ಹಿದುಕಿದರು. ಕಣ್ಣಿಂದ ನೀರು ಸುರಿಯುತ್ತಿತ್ತು. ಪಕ್ಕದ ಮನೆಯಾಕೆ ಏನಾಯ್ತೆಂದು ಕೇಳಿದ್ದಕ್ಕೆ, "ಅವರೆ ಸೊಗಡು ಕಣ್ಣಿಗೆ ಬಿತ್ತು," ಎಂದರು. ಆ ದಿನ ಅದು ಅವರ ಎರಡನೆಯ ಸುಳ್ಳು.

ಮಾರನೆಯ ಬೆಳಿಗ್ಗೆ ನಾನು ಅಡುಗೆಮನೆಯಲ್ಲಿ ಕಾಫಿ ಸೋಸುತ್ತಿದ್ದೆ. ಪೂಜೆಯ ಗಂಟೆ ನಿಂತಿತು. ನಮ್ಮವರು ಬಟ್ಟಲು ಹಿಡಿದು ಬಂದು ತಾಯಿಯ ಮುಂದೆ ನಿಂತರು. ಅತ್ತೆ ತುಳಸಿಯ ಕಡೆಗೆ ಹೋಗಲಿಲ್ಲ. ಕೈಯನ್ನೂ ಚಾಚಲಿಲ್ಲ.

"ಒಳಗೆ ಹೋಗಿದ್ಯೋ ಇಲ್ವೋ? ನಿಜ ಹೇಳು."

"ಇಲ್ಲಮ್ಮ."

"ಯಾಕೆ?"

"ಬಸ್ಸು ಸುರಂಗದ ಬಾಯಿ ಹತ್ರ ಬಂತು. ಎಲ್ಲರೂ ಕೂತಿದ್ರು. ನಂಗೆ ಜೇಬಲ್ಲಿ ನಿನ್ನ ಚೀಲ ಕೈಗೆ ಸಿಕ್ತು. ಅವತ್ತು ಅಪ್ಪಂಗೆ ಕಾಸು ಕೊಡೋದು ಮರ್ತೆ ಅಂತ ನೀನು ಅಳ್ತಿದ್ಯಲ್ಲ... ನಿಲ್ಲಿಸಿ ಅಂತ ಇಳ್ದುಬಿಟ್ಟೆ. ದೋಣಿ ಹತ್ತಿದೆ."

"ಕೈ ಮುಗಿದ್ಯಾ?"

"ಹೂಂ."

"ಜನ ನಗ್ಲಿಲ್ವಾ?"

"ನಕ್ಕರು."

"ನಗ್ಲಿ ಬಿಡು," ಎಂದರು ಅತ್ತೆ. "ಒಂದು ವರ್ಷ ನನ್ನನ್ನ ಹೀಗೆ ಸಾಯಿಸಿದ್ಯಲ್ಲೋ, ಪಾಪಿ. ನನ್ನ ಬಾಯಿಗೆ ಹೆದರ್ಕೊಂಡ್ಯಾ?" ಎಂದರು.

ಅತ್ತೆ ಬಲಗೈ ಚಾಚಿದರು. ಉದ್ಧರಣೆ ವಾಲಿ ಮೊದಲ ಸಲದ ತೀರ್ಥ ನೆಲಕ್ಕೆ ಬಿತ್ತು. "ನೆಟ್ಟಗೆ ಹಾಕೋ!" ಎಂದು ಗದರಿದರು. ಮೂರು ಸಲ ತೆಗೆದುಕೊಂಡು, ಒದ್ದೆ ಕೈಯನ್ನು ಮಗನ ತಲೆಗೆ ಒರೆಸಿದರು.

ಆಮೇಲೆ ಹದಿನಾಲ್ಕು ವರ್ಷ ಬದುಕಿದ್ದರು ಅತ್ತೆ. ಪಕ್ಕದ ಮನೆಯ ಗುಟ್ಟು, ಎದುರು ಮನೆಯ ಗುಟ್ಟು, ನನ್ನ ಮೂರು ಬಸಿರಿನ ಗುಟ್ಟು, ಎಲ್ಲವನ್ನೂ ಎಂದಿನ ಹಾಗೆ ಬೀದಿಬೀದಿಗೆ ಹಂಚಿದರು. ಇದೊಂದು ಮಾತು ಮಾತ್ರ ಅವರ ಬಾಯಿಂದ ಹೊರಬೀಳಲಿಲ್ಲ. ನನಗೂ ಹೇಳಲಿಲ್ಲ, ನಾನು ಕೇಳಿಸಿಕೊಂಡಿದ್ದೆ ಎನ್ನುವುದು ಅವರಿಗೆ ಗೊತ್ತೇ ಇರಲಿಲ್ಲ. ನಮ್ಮವರು ಅಲ್ಲಿಂದ ಮುಂದೆ ಸುರಂಗದ ಕತೆ ಹೇಳುವಾಗ "ಒಳಗೆ ಹೋದವರು ಹೇಳ್ತಾರೆ" ಎನ್ನತೊಡಗಿದರು. ತಲೆಯ ಮೇಲೆ ಹೋಗುತ್ತಿದ್ದ ಹಡಗು ಕತೆಯಿಂದ ಇಳಿದುಹೋಯಿತು. ಮಧ್ಯಾಹ್ನದ ನನ್ನ ನಿದ್ದೆಯಲ್ಲಿ ಮಾತ್ರ ಅದು ಬಹಳ ಕಾಲ ಓಡಾಡಿಕೊಂಡಿತ್ತು.

ಆದರೆ ಆ ಬೆಳಿಗ್ಗೆಯ ಕತೆ ಇನ್ನೊಂದು ಚೂರು ಇದೆ. ಅತ್ತೆ ತೀರ್ಥ ತೆಗೆದುಕೊಂಡು ಹಿತ್ತಲಿಗೆ ಹೋದರು. ನಮ್ಮವರು ಬಟ್ಟಲು ಹಿಡಿದು ಅಡುಗೆಮನೆಯ ಹೊಸಿಲಿಗೆ ಬಂದರು. ನಾನು ತಲೆ ಎತ್ತದೆ ಕೈ ಚಾಚಿದೆ.

"ಆ ಸ್ಲೈಡು ಹೇಗೆ ಬಂತು ಅಲ್ಲಿಗೆ?" ಎಂದು ಮೆಲ್ಲಗೆ ಕೇಳಿದರು.

"ಧೂಳು ಒರೆಸೋವಾಗ ಕೈತಪ್ಪಿ ಸೇರಿರ್ಬೇಕು ರೀ."

ಅವರು ನನ್ನನ್ನೇ ನೋಡಿದರು. ನಾನು ಕಾಫಿಯ ಬಟ್ಟೆಯನ್ನೇ ನೋಡುತ್ತಿದ್ದೆ. ಅವರು ತೀರಿಕೊಂಡು ಇಪ್ಪತ್ತು ವರ್ಷವಾಯಿತು, ನಾನು ಆ ಮಾತನ್ನು ಬದಲಾಯಿಸಲೇ ಇಲ್ಲ. ಅವರೂ ಮತ್ತೆ ಕೇಳಲಿಲ್ಲ.

"ಕೈತಪ್ಪಿ, ಸರಿಯಾಗಿ ನಡುಮಧ್ಯಕ್ಕೆ," ಎಂದರು ಆ ದಿನ. ನನ್ನ ಅಂಗೈಗೆ ಮೂರು ಸಲ ನೀರು ಹಾಕಿದರು, ಒಂದು ಹನಿಯೂ ಚೆಲ್ಲಲಿಲ್ಲ.